ಹೈಬ್ರಿಡ್ಡಾ ಎಲೆಕ್ಟ್ರಿಕ್ಕಾ? ಒಂದೇ ಬಾಡಿಯ ಎರಡು ಕಾರು ಓಡಿಸಿ ನೋಡಿದ್ದು

ಹೈಬ್ರಿಡ್ ತಗೊಳ್ಳೋದಾ ಇವಿ (ಪೂರ್ತಿ ಎಲೆಕ್ಟ್ರಿಕ್ ಕಾರು) ತಗೊಳ್ಳೋದಾ ಅಂತ ಮಾತು ಬಂದಾಗ್ಲೆಲ್ಲ ಜನ ಬೇರೆ ಬೇರೆ ಸೈಜಿನ ಬೇರೆ ಬೇರೆ ಕಂಪನಿ ಕಾರುಗಳನ್ನ ಎದುರು ಬದುರು ನಿಲ್ಲಿಸ್ತಾರೆ, ಆಮೇಲೆ ಸ್ಕ್ರೀನು, ಸೀಟು, ಸನ್‌ರೂಫು ಅಂತ ಮಾತು ಎಲ್ಲೆಲ್ಲೋ ಹೋಗಿ ಅಸಲಿ ವಿಷಯ ಹಾಗೇ ಉಳಿಯತ್ತೆ. ಅದಕ್ಕೇ ನಾನು ಆರಿಸ್ಕೊಂಡಿದ್ದು ಕಿಯಾ ನೀರೋ. 2021ರ ಕೊನೆಗೆ ತೋರಿಸಿದ ಎರಡನೇ ತಲೆಮಾರಿನ ನೀರೋ ಹೆಚ್ಚು ಕಮ್ಮಿ ಒಂದೇ ಬಾಡಿಲಿ ಹೈಬ್ರಿಡ್, ಪ್ಲಗ್-ಇನ್ (ಪ್ಲಗ್ ಹಾಕಿ ಚಾರ್ಜ್ ಮಾಡೋ ಹೈಬ್ರಿಡ್), ಪೂರ್ತಿ ಎಲೆಕ್ಟ್ರಿಕ್ ಮೂರೂ ಬಂತು. ಹೈಬ್ರಿಡ್ಡನ್ನೂ ಇವಿನೂ ಅದೇ ದಾರಿ, ಅದೇ ಲಗೇಜು, ಅದೇ ಕೂಗಾಡೋ ಮಕ್ಕಳನ್ನ ಹಾಕ್ಕೊಂಡು ಒಂದಾದ ಮೇಲೊಂದು ಓಡಿಸ್ದೆ.

ಮೊದಲು ಒಂದು ಗೊಂದಲ ಬಗೆಹರಿಸ್ಬಿಡ್ತೀನಿ. ಹೈಬ್ರಿಡ್ ಅಂದ್ರೆ ಅರ್ಧ ಇವಿ ಅಂತ ತುಂಬ ಜನ ಅನ್ಕೊಂಡಿದಾರೆ. ಅಲ್ಲ ಕಣ್ರೀ, ಅದು ಪೂರ್ತಿ ಪೆಟ್ರೋಲ್ ಕಾರೇ. ನೀರೋ ಹೈಬ್ರಿಡ್ಡಿನ ಬ್ಯಾಟರಿ 1.32 ಯೂನಿಟ್ (ಕರೆಂಟ್ ಬಿಲ್ಲಲ್ಲಿ ಬರೋ ಅದೇ ಯೂನಿಟ್) ಅಷ್ಟೇ, ಇವಿದು 64.8 ಯೂನಿಟ್, ಹತ್ತತ್ರ 50 ಪಟ್ಟು. ಹೈಬ್ರಿಡ್ಡಿಗೆ ಪ್ಲಗ್ಗೇ ಇಲ್ಲ, ಓಡೋ ಶಕ್ತಿ ಎಲ್ಲಾ ಕೊನೆಗೆ ಬಂಕಿಂದಾನೇ ಬರ್ಬೇಕು, ಬೇರೆ ಕಾರು ಬ್ರೇಕ್ ಹಾಕಿದಾಗ ಬಿಸಿ ಮಾಡಿ ಗಾಳಿಗೆ ಬಿಡೋದನ್ನ ಇದು ಹಿಡಿದಿಟ್ಕೊಂಡು ಮತ್ತೆ ಬಳಸತ್ತೆ. ಜೊತೆಗೆ 1.6 ಲೀಟರ್ ಇಂಜಿನ್ನನ್ನ ಅದು ಚೆನ್ನಾಗಿ ಕೆಲಸ ಮಾಡೋ ಜಾಗದಲ್ಲೇ ಜಾಸ್ತಿ ಹೊತ್ತು ಇಟ್ಕೊಳತ್ತೆ. ಮೋಟಾರು ಇಂಜಿನ್ನು ಎರಡೂ ಇದೆ ಅಂದ ತಕ್ಷಣ ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಅನ್ನೋ ಥರ ಆಗತ್ತೇನೋ ಅಂತ ನನಗೂ ಅನುಮಾನ ಇತ್ತು, ಹಾಗೇನಿಲ್ಲ, ಎರಡೂ ಹೊಂದ್ಕೊಂಡೇ ಎಳೀತವೆ.

ಸಿಟಿ ಟ್ರಾಫಿಕ್ಕಲ್ಲಿ ಹೈಬ್ರಿಡ್ ನಿಜಕ್ಕೂ ಖುಷಿ ಕೊಡತ್ತೆ. ಮೋಟಾರಲ್ಲೇ ಮೆತ್ತಗೆ ಹೊರಡತ್ತೆ, ಸ್ವಲ್ಪ ಜೋರಾಗಿ ಒತ್ತಿದ್ರೆ ಇಂಜಿನ್ ಎದ್ದು ಬರತ್ತೆ, ಮತ್ತೆ ಮಲಗತ್ತೆ. ಆದ್ರೆ ಇವಿಗೆ ಹತ್ತಿದ ಮೇಲೆ ಅದೇ ಹೈಬ್ರಿಡ್ಡು ಗಲಾಟೆ ಅನ್ಸತ್ತೆ, ಏನ್ ಮಾಡೋದು. ಇವಿಲಿ ಒಂದೇ ಪೆಡಲ್ಲಲ್ಲಿ ಹೋಗೋದು ನಿಲ್ಲೋದು ಎರಡೂ ಆಗತ್ತೆ, ಗೇರ್ ಬದಲಾಗೋ ಪ್ರಶ್ನೇನೇ ಇಲ್ಲ. ಬಿಸಿಲಲ್ಲಿ ನಿಂತು ಯಾರಿಗೋ ಕಾಯೋವಾಗಂತೂ ವ್ಯತ್ಯಾಸ ಎದ್ದು ಕಾಣತ್ತೆ: ಹೈಬ್ರಿಡ್ಡಲ್ಲಿ ಎಸಿ ಹಾಕ್ಕೊಂಡು ಕೂತ್ರೆ ಆ ಪುಟ್ಟ ಬ್ಯಾಟರಿ ಬೇಗ ಇಳಿದು ಇಂಜಿನ್ ಆಗಾಗ ಸ್ಟಾರ್ಟ್ ಆಗ್ತಾ ಇರತ್ತೆ, ಇವಿಲಿ ಗಂಟೆಗಟ್ಟಲೆ ಸದ್ದಿಲ್ದೆ ತಣ್ಣಗೆ ಕೂರ್ಬೋದು.

ಇಬ್ಬರ ಗುಣ ನಿಜವಾಗಿ ಬಯಲಾಗೋದು ಬೆಟ್ಟ ಇಳಿಯೋವಾಗ. ಹೈಬ್ರಿಡ್ಡಲ್ಲಿ ಮೊದಲ ಕೆಲವು ತಿರುವು ಬ್ಯಾಟರಿ ಮೀಟರ್ ಸರಸರ ಏರತ್ತೆ, ನೋಡೋಕೇ ಮಜಾ, ಆಮೇಲೆ ತುಂಬಿ ಹೋಯ್ತು, ಇನ್ನು ಹಿಡಿಯೋಕೆ ಜಾಗ ಇಲ್ಲ, ಅಲ್ಲಿಂದ ಕೆಳಗೆ ಇಂಜಿನ್ ಗೊರ್ ಅಂತ ತಡೀತಾ ಇರತ್ತೆ, ಉಳಿದಿದ್ದು ಬ್ರೇಕ್ ಪ್ಯಾಡ್ ಪಾಲು. ಲೆಕ್ಕ ಹಾಕಿ ನೋಡಿ, ಒಂದೂವರೆ ಟನ್ನಿನ ಕಾರು ಎತ್ತರದಲ್ಲಿ 300 ಮೀಟರ್ ಕೆಳಗೆ ಬಂದ್ರೆ ಬಿಡುಗಡೆ ಆಗೋ ಶಕ್ತಿ ಸುಮಾರು 1.2 ಯೂನಿಟ್, ಹೈಬ್ರಿಡ್ಡಿನ ಬ್ಯಾಟರಿ ಹತ್ತತ್ರ ತುಂಬೋಷ್ಟು. ಗಾಳಿಗೆ, ಟೈರಿಗೆ ಸ್ವಲ್ಪ ಹೋಗತ್ತೆ ಸರಿ, ಆದ್ರೆ ಬ್ಯಾಟರಿ ಖಾಲಿ ಇಟ್ಕೊಂಡು ಯಾರೂ ಇಳಿಯೋಕೆ ಶುರು ಮಾಡಲ್ಲ, ಹಾಗಾಗಿ ದೊಡ್ಡ ಬೆಟ್ಟದಲ್ಲಿ ಹೈಬ್ರಿಡ್ಡಿನ ಕೊಡ ಅರ್ಧ ದಾರಿಗೂ ಮುಂಚೆ ತುಂಬತ್ತೆ. ಇವಿ ಕೆಳಗೆ ಬರೋ ತನಕ ಸುಮ್ಮನೆ ಕುಡೀತಾನೇ ಇರತ್ತೆ. ಬೆಟ್ಟದ ಮೇಲೆ ರಾತ್ರಿ ತಂಗಿ 100 ಪರ್ಸೆಂಟ್ ತುಂಬಿಸ್ಕೊಂಡು ಇಳಿಯೋಕೆ ಹೊರಟ್ರೆ ಮಾತ್ರ ಇದಕ್ಕೂ ಜಾಗ ಇರಲ್ಲ, ಮೋಟಾರ್ ಹಿಡಿತ ಕಮ್ಮಿ ಆಗತ್ತೆ, ಅಲ್ಲಿ 80ಕ್ಕೇ ನಿಲ್ಸಿ.

ಹೈವೇಗೆ ಬಂದ್ರೆ ಇವಿ ಪರ ಮಾತಾಡೋರು ಸ್ವಲ್ಪ ದನಿ ತಗ್ಗಿಸ್ಬೇಕು. ಯುರೋಪಿನ ಡಬ್ಲ್ಯೂಎಲ್‌ಟಿಪಿ ಟೆಸ್ಟ್ ಲೆಕ್ಕದಲ್ಲಿ ನೀರೋ ಇವಿಗೆ ಒಂದು ಫುಲ್ ಚಾರ್ಜಿಗೆ 460 ಕಿಮೀ, ಅಮೆರಿಕದ ಇಪಿಎ ಟೆಸ್ಟ್ ಲೆಕ್ಕದಲ್ಲಿ 253 ಮೈಲಿ, ಅಂದ್ರೆ 407 ಕಿಮೀ, ಒಂದೇ ಕಾರಿಗೆ. ನಾನು ಎರಡನೇದನ್ನೇ ನಂಬೋದು, ಅದರಲ್ಲೂ ಹೈವೇಲಿ ಇನ್ನೂ ಕಳೀಬೇಕು. 90ರಲ್ಲಿ ಹೋಗೋದಕ್ಕೂ 120ರಲ್ಲಿ ಹೋಗೋದಕ್ಕೂ ಗಾಳಿಯ ತಡೆ ಹತ್ತತ್ರ 1.8 ಪಟ್ಟು ಆಗತ್ತೆ. ಇದು ಹೈಬ್ರಿಡ್ಡಿಗೂ ಅಷ್ಟೇ ಅನ್ವಯ, ಮೇಲಾಗಿ ಒಂದೇ ಸ್ಪೀಡಲ್ಲಿ ಹೋಗ್ತಾ ಇದ್ರೆ ವಾಪಸ್ ಹಿಡಿಯೋಕೆ ಏನೂ ಇರಲ್ಲ, ಹಾಗಾಗಿ ಮಾಮೂಲಿ ಪೆಟ್ರೋಲ್ ಕಾರಿನ ಮೇಲೆ ಅದಕ್ಕಿರೋ ಮೇಲುಗೈ ಸಿಟಿಲಿ ಇದ್ದಷ್ಟು ಹೈವೇಲಿ ಇರಲ್ಲ. ಆದ್ರೆ ಅದು ಐದು ನಿಮಿಷದಲ್ಲಿ ಟ್ಯಾಂಕ್ ತುಂಬಿಸ್ಕೊಂಡು ಹೊರಟುಹೋಗತ್ತೆ. ಇವಿ ಒಳ್ಳೆ ಫಾಸ್ಟ್ ಚಾರ್ಜರ್ ಸಿಕ್ಕಿದ್ರೂ 10ರಿಂದ 80 ಪರ್ಸೆಂಟಿಗೆ ಮುಕ್ಕಾಲು ಗಂಟೆ ಹತ್ರ ತಗೊಳತ್ತೆ, 80 ದಾಟಿದ್ರೆ ಇನ್ನೂ ಆಮೆ. ಚಾರ್ಜರ್ ಸಿಕ್ಕಿದ್ರೆ ಅಂದೆ. ನನಗೊಂದು ಕಡೆ ಎರಡು ಚಾರ್ಜಿಂಗ್ ಗನ್ನಲ್ಲಿ ಒಂದರ ಸ್ಕ್ರೀನ್ ಸತ್ತಿತ್ತು, ಇನ್ನೊಂದಕ್ಕೆ ಯಾರೋ ಕಾರು ಸಿಕ್ಕಿಸಿ ಊಟಕ್ಕೆ ಹೋಗಿದ್ರು, ಮಕ್ಕಳು ನನ್ನ ತಲೆ ತಿಂದ್ಬಿಟ್ರು.

ಆದ್ರೂ ಒಂದು ಮಾತು. 1 ಲೀಟರ್ ಪೆಟ್ರೋಲಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಅಂದ್ರೆ ಇವಿ ಹೊತ್ಕೊಂಡು ಓಡೋದು ಬರೀ 7 ಲೀಟರ್ ಪೆಟ್ರೋಲಿನಷ್ಟು, ಅಷ್ಟರಲ್ಲೇ 400 ಕಿಮೀ! ಎಷ್ಟೇ ಒಳ್ಳೆ ಹೈಬ್ರಿಡ್ಡಾದ್ರೂ ಇದರ ಹತ್ರಕ್ಕೂ ಬರಲ್ಲ, ಇಂಜಿನ್ ಅಂದ್ರೇನೇ ಅರ್ಧಕ್ಕಿಂತ ಜಾಸ್ತಿ ಬಿಸಿ ಮಾಡಿ ಕಳೆಯೋ ಯಂತ್ರ.

ಹಾಗಾಗಿ ನನ್ನ ಪ್ರಕಾರ ಕೇಳ್ಬೇಕಾದ ಪ್ರಶ್ನೆ ಎಷ್ಟು ಕಿಮೀ ಹೋಗತ್ತೆ ಅಂತಲ್ಲ, ಕಾರು ರಾತ್ರಿ ಎಲ್ಲಿ ಮಲಗತ್ತೆ ಅಂತ. ಮಲಗೋ ಜಾಗದಲ್ಲಿ ಸರಿಯಾದ ಅರ್ತಿಂಗ್ ಇರೋ ಒಂದು ಮಾಮೂಲಿ ಸಾಕೆಟ್ ಇದ್ರೂ ಸಾಕು, 2.3 ಕಿಲೋವ್ಯಾಟಲ್ಲಿ 10 ಗಂಟೆ ಹಾಕಿದ್ರೆ ನಷ್ಟ ಕಳೆದು 20 ಯೂನಿಟ್ ಸಿಗತ್ತೆ, 100 ಕಿಮೀ ಆರಾಮಾಗಿ ದಾಟತ್ತೆ, ದಿನಾ ಅಷ್ಟು ಓಡೋರು ಎಷ್ಟು ಜನ ಇದಾರೆ? ಹಾಗೆ ಸಾಕೆಟ್ ಇರೋರು ಕಣ್ಣು ಮುಚ್ಕೊಂಡು ಇವಿ ತಗೊಳ್ಳಿ. ಬೀದೀಲಿ ನಿಲ್ಲಿಸೋರು, ಅಪಾರ್ಟ್‌ಮೆಂಟ್ ಕಮಿಟಿ ಜೊತೆ ಇನ್ನೂ ಜಗಳ ಆಡ್ತಿರೋರು ಹೈಬ್ರಿಡ್ ತಗೊಳ್ಳಿ, ಪ್ರತಿ ಸಲ ಪಬ್ಲಿಕ್ ಚಾರ್ಜರ್ ಹುಡುಕೋ ಜೀವನ ಬೇಡ. ನನಗೆ ಪ್ಲಗ್ ಇದೆ, ನಾನು ಇವಿ ಕಡೆ. ಪ್ಲಗ್ ಇಲ್ಲದ ನನ್ನ ತಮ್ಮನಿಗೆ ಹೈಬ್ರಿಡ್ ಅಂತ ಹೇಳಿದೀನಿ, ಮುಖ ಸಪ್ಪೆ ಮಾಡ್ಕೊಂಡ, ಇರ್ಲಿ.

ಮೇಂಟೆನೆನ್ಸ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಇವಿಗೆ ಇಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್ ತಾಪತ್ರಯ ಇಲ್ಲ, ಆದ್ರೆ ಕೂಲೆಂಟ್, ಬ್ರೇಕ್ ಫ್ಲೂಯಿಡ್, 12 ವೋಲ್ಟ್ ಬ್ಯಾಟರಿ ಇದ್ದೇ ಇರತ್ತೆ, ಹೈಬ್ರಿಡ್ಡಿಗಿಂತ 250 ಕೆಜಿಗೂ ಜಾಸ್ತಿ ತೂಕ ಇರೋದ್ರಿಂದ ಟೈರಿನ ಮೇಲೆ ಒಂದು ಕಣ್ಣಿಟ್ಟಿರಿ. ಡಿಕ್ಕಿಲಿ ಅಚ್ಚರಿ ಅಂದ್ರೆ ಇವಿದೇ ದೊಡ್ಡದು, 475 ಲೀಟರ್, ಹೈಬ್ರಿಡ್ಡಿಗೆ 451. ಪ್ಲಗ್-ಇನ್‌ಗೆ 348 ಮಾತ್ರ, ಮೇಲಾಗಿ ದಿನಾ ಪ್ಲಗ್ ಹಾಕ್ದೆ ಇದ್ರೆ ಅದರ 11.1 ಯೂನಿಟ್ ಬ್ಯಾಟರಿ ಸುಮ್ಮನೆ ಹೊರೆ. ದಿನಾ ಪ್ಲಗ್ ಹಾಕೋಕೆ ಆಗೋರು ಇವಿನೇ ತಗೋಬೋದಲ್ಲ ಅಂತ ನನಗೆ, ವಾರ ವಾರ ಚಾರ್ಜರ್ ಇಲ್ಲದ ದೂರದ ದಾರಿ ಹಿಡಿಯೋರ ಮಾತು ಬೇರೆ.

ಟೆಸ್ಟ್ ಡ್ರೈವಿಗೆ ಹೋದ್ರೆ ಸೇಲ್ಸ್‌ನೋರು ತೋರ್ಸೋ ಸಪಾಟು ರಸ್ತೆಲಿ ಒಂದು ರೌಂಡ್ ಹೊಡೆದು ಬರ್ಬೇಡಿ. ಮ್ಯೂಸಿಕ್ ಆಫ್ ಮಾಡಿ, ಹೈಬ್ರಿಡ್ಡಾದ್ರೆ ಜನ, ಲಗೇಜು ತುಂಬ್ಕೊಂಡು ಒಂದು ಉದ್ದ ಏರು ಹತ್ತಿಸಿ ಇಳಿಸಿ ನೋಡಿ, ಇವಿನ ಆದ್ರೆ ಒಂದು ರಾತ್ರಿ ಮನೆಗೆ ಕೇಳಿ ತಗೊಂಡು ಬಂದು ನೀವು ನಿಲ್ಲಿಸೋ ಜಾಗದಲ್ಲೇ ಚಾರ್ಜಿಗೆ ಹಾಕಿ, ಬೆಳಿಗ್ಗೆ ಎಷ್ಟು ಪರ್ಸೆಂಟ್ ಏರಿದೆ ನೋಡಿ.