ಮನೆಗೆ ಅಲಾರಂ ಹಾಕಿಸಿ ಆರು ವರ್ಷ: ಹೂಟರ್ ಗಟ್ಟಿ, ಸಿಮ್ ಸತ್ತಿತ್ತು

2019ರ ದಸರಾ ರಜೆಯಲ್ಲಿ ನಮ್ಮ ಬೀದಿಯಲ್ಲಿ ಬೀಗ ಹಾಕಿದ್ದ ಎರಡು ಮನೆಗಳಿಗೆ ಕಳ್ಳರು ನುಗ್ಗಿದರು. ದೀಪಾವಳಿಗೆ ಮೊದಲೇ ನಮ್ಮ ಮನೆಗೆ ಅಲಾರಂ ಬಂತು. ಶಿವಮೊಗ್ಗದ ಹಳೇ ಹೆಂಚಿನ ಮನೆ ನಮ್ಮದು. ನಾನು, ಹೆಂಡತಿ, ಅಮ್ಮ. ಮಗ ಬೆಂಗಳೂರಿನಲ್ಲಿದ್ದಾನೆ. ಗೋಡೆಗೆ ಹೊಡೆಯುವ, ಸಿಮ್ ಹಾಕಿದರೆ ನಮಗೆ ಫೋನ್ ಮಾಡುವ ಪ್ಯಾನೆಲ್, ಬಾಗಿಲಿಗೆ ಮೂರು ಮ್ಯಾಗ್ನೆಟ್ ಸೆನ್ಸರ್, ಎರಡು ಮೋಷನ್ ಸೆನ್ಸರ್, ಒಂದು ಹೂಟರ್, ಎರಡು ರಿಮೋಟ್. ಕೂಲಿ ಸೇರಿ 11,500 ರೂಪಾಯಿ ಆಯಿತು. ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಡಬ್ಬಿ ನಾಲ್ಕೈದು ಹೆಸರಲ್ಲಿ ಸಿಗುತ್ತದೆ, ನನ್ನ ಮಾಡೆಲ್ ಈಗ ಅಂಗಡಿಯಲ್ಲೂ ಇಲ್ಲ.

"ಕಳ್ಳ ಬಂದಿದ್ನಾ?" ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಬಂದದ್ದು ಹಲ್ಲಿ.

ಮೊದಲ ಬೇಸಿಗೆಯಲ್ಲಿ ರಾತ್ರಿ ಒಂದು ಗಂಟೆಗೆ, ಎರಡು ಗಂಟೆಗೆ ಹೂಟರ್ ಕೂಗುತ್ತಿತ್ತು. ಪಕ್ಕದ ಮನೆ ಮೇಷ್ಟ್ರು ಕಿಟಕಿಯಿಂದಲೇ ಕೇಳುವರು, "ಏನ್ರೀ, ಕಳ್ಳನೋ ಹಲ್ಲಿನೋ?" ಮೋಷನ್ ಸೆನ್ಸರ್ ಕಣ್ಣಿನಿಂದ ನೋಡುವುದಿಲ್ಲ, ಶಾಖದ ಏರುಪೇರು ನೋಡುತ್ತದೆ. ದೂರದಲ್ಲಿ ನಡೆಯುವ ಮನುಷ್ಯನೂ ಗಾಜಿನ ಮೇಲೇ ಹರಿದಾಡುವ ಹಲ್ಲಿಯೂ ಅದಕ್ಕೆ ಒಂದೇ. ಸೆನ್ಸರ್ ಕೆಟ್ಟಿದೆ ಅಂತ ಬೈದುಕೊಂಡು ಬದಲಾಯಿಸಲು ಹೊರಟಿದ್ದೆ. ನೋಡಿದರೆ ಅದು ಟ್ಯೂಬ್‌ಲೈಟಿನ ಪಕ್ಕದಲ್ಲೇ ಇತ್ತು. ಬೆಳಕಿಗೆ ಹುಳ, ಹುಳಕ್ಕೆ ಹಲ್ಲಿ. ಎದುರು ಗೋಡೆಗೆ, ಏಳಡಿ ಎತ್ತರಕ್ಕೆ ಸರಿಸಿದೆ, ಅಷ್ಟೇ. ಅಮ್ಮ ಮಾತ್ರ ಇವತ್ತಿಗೂ ಹೇಳುತ್ತಾರೆ, "ಹಲ್ಲಿ ಬರೀ ಶಕುನ ನುಡೀತಿತ್ತು, ನಿನ್ನ ಕಾಲಕ್ಕೆ ಫೋನೂ ಮಾಡೋಕೆ ಕಲೀತು."

ಇವೆಲ್ಲ ಗಲಾಟೆಯ ತೊಂದರೆಗಳು, ಬಿಡಿ. ಕೂಗಿದರೆ ಎದ್ದು ನೋಡುತ್ತೀರಿ, ಸರಿ ಮಾಡುತ್ತೀರಿ. ನನಗೆ ಮೋಸ ಮಾಡಿದ್ದು ಸುಮ್ಮನಿದ್ದ ತೊಂದರೆಗಳು.

ಮೊದಲನೆಯದು ಸಿಮ್. ಪ್ಯಾನೆಲ್ ಒಳಗೆ ಒಂದು ಪ್ರೀಪೇಯ್ಡ್ ಸಿಮ್ ಇರುತ್ತದೆ. ಬಾಗಿಲು ತೆರೆದರೆ ಅದು ನಾವು ಕೊಟ್ಟ ಐದು ನಂಬರಿಗೆ ಒಂದೊಂದಾಗಿ ಫೋನ್ ಮಾಡಬೇಕು. 2021ರಲ್ಲಿ ಬೆಂಗಳೂರಿಗೆ ಹೋಗಿ ಹನ್ನೆರಡು ದಿನ ಇದ್ದು ಬಂದೆವು. ಮನೆಗೆ ಬಂದು ಬೀಗ ತೆಗೆದೆ. ಕೋಡ್ ಒತ್ತುವುದು ತಡವಾಗಿ ಹೂಟರ್ ಕೂಗಿತು. ಜೇಬಿನಲ್ಲಿದ್ದ ಫೋನು ತೆಪ್ಪಗಿತ್ತು. ಹೆಂಡತಿಯದೂ ತೆಪ್ಪಗಿತ್ತು. ಸಿಮ್ ತೆಗೆದು ಹಳೇ ಮೊಬೈಲಿಗೆ ಹಾಕಿ ನೋಡಿದರೆ, ವ್ಯಾಲಿಡಿಟಿ ಮುಗಿದು ಐದು ವಾರ! ರೀಚಾರ್ಜ್ ಮಾಡಿ ಅಂತ ಮೆಸೇಜು ಸಾಲಾಗಿ ಬಂದಿದ್ದವು. ಬಂದದ್ದು ಪ್ಯಾನೆಲ್‌ಗೆ. ಅಲ್ಲಿ ಓದುವವರು ಯಾರು? ಈಗ ವರ್ಷದ ಪ್ಯಾಕ್ ಹಾಕಿಸಿ, ಮುಗಿಯುವ ತಾರೀಖನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಸಿಲಿಂಡರ್ ತಾರೀಖಿನ ಪಕ್ಕ ಬರೆಯುತ್ತೇವೆ.

ಸಿಮ್ ಬಗ್ಗೆ ಇನ್ನೊಂದು ಮಾತು. ನನ್ನ ಪ್ಯಾನೆಲ್ 2ಜಿ. ಜಿಯೋಗೆ 2ಜಿ ಜಾಲವೇ ಇಲ್ಲ, ಆ ಸಿಮ್ ಇದರಲ್ಲಿ ನಡೆಯುವುದಿಲ್ಲ. ಹೊಸದಾಗಿ ಕೊಳ್ಳುವವರು 4ಜಿ ಪ್ಯಾನೆಲ್ಲನ್ನೇ ಕೇಳಿ ತೆಗೆದುಕೊಳ್ಳಿ. ಹಾಗೇ ನಂಬರುಗಳನ್ನೂ ನೋಡಿಕೊಳ್ಳಿ. ಮಗ ನಂಬರು ಬದಲಿಸಿ ಒಂದೂವರೆ ವರ್ಷವಾದರೂ ನಮ್ಮ ಅಲಾರಂ ಅವನ ಹಳೇ ನಂಬರಿಗೇ ಮೊದಲು ಮಾಡುತ್ತಿತ್ತು. ನನ್ನ ಮಾಡೆಲ್‌ನಲ್ಲಿ ಒಬ್ಬರು ಎತ್ತಿದರೆ ಮುಂದಿನವರಿಗೆ ಹೋಗುವುದಿಲ್ಲ. ಯಾರೋ ಗುರುತಿಲ್ಲದವರು ಎತ್ತಿ, "ಹಲೋ ಹಲೋ" ಅಂದು ಇಟ್ಟರೆ ಕಥೆ ಮುಗಿಯಿತು. ಈಗ ಮೊದಲ ನಂಬರು ಮೇಷ್ಟ್ರದು. ಮಗ ಬೆಂಗಳೂರಿಂದ ಬರೋಕೆ ಐದಾರು ಗಂಟೆ ಬೇಕು, ಮೇಷ್ಟ್ರಿಗೆ ಚಪ್ಪಲಿ ಮೆಟ್ಟುವಷ್ಟು ಹೊತ್ತು. ಅವರು ನೋಡಿ 112ಕ್ಕೆ ಫೋನ್ ಮಾಡಲಿ ಅಂತ ಮಾತಾಗಿದೆ. ಪೊಲೀಸ್, ಬೆಂಕಿ, ಆಂಬುಲೆನ್ಸ್ ಎಲ್ಲಕ್ಕೂ ಅದೊಂದೇ ನಂಬರು ಸಾಕು. 112ನ್ನೇ ಪ್ಯಾನೆಲ್‌ಗೆ ಹಾಕಬೇಡಿ. ಹಲ್ಲಿ ಫೋನ್ ಮಾಡಿದರೆ ಪೊಲೀಸರಿಗೆ ಏನಂತ ಹೇಳುತ್ತೀರಿ?

ಎರಡನೆಯದು ಬ್ಯಾಟರಿ. ಒಳಗಿರುವುದು 12 ವೋಲ್ಟ್, 7 ಎ‌ಎಚ್‌ನ ಸಣ್ಣ ಬ್ಯಾಟರಿ. ಕರೆಂಟ್ ಹೋದಾಗ ಅದೇ ಗತಿ. ಪ್ಯಾನೆಲ್ ಮೇಲೆ ಹಸಿರು ದೀಪ ಉರಿಯುತ್ತಿತ್ತು, ಹಾಗಾಗಿ ನಾನು ನಿಶ್ಚಿಂತೆ. 2022ರ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಹತ್ತೇ ನಿಮಿಷಕ್ಕೆ ಪ್ಯಾನೆಲ್ ಕಣ್ಣು ಮುಚ್ಚಿತು. ಮರುದಿನ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ನೋಡಿದ. ಕರೆಂಟ್ ಇದ್ದಾಗ 13.6 ವೋಲ್ಟ್, ಎಲ್ಲ ಚೆಂದ. ಪ್ಲಗ್ ತೆಗೆಸಿ ಹೂಟರ್ ಕೂಗಿಸಿದ. ಮೀಟರಿನ ಅಂಕಿ ನನ್ನ ಕಣ್ಣೆದುರೇ 11, 10, 9 ಅಂತ ಜಾರಿತು, ಹೂಟರ್ ಮುದುಕರ ಕೆಮ್ಮಿನಂತಾಗಿ ನಿಂತಿತು. ಮೊದಲಿನ 13.6 ಚಾರ್ಜರ್‌ದು, ಬ್ಯಾಟರಿಯದಲ್ಲ. ಇಂಥ ಬ್ಯಾಟರಿ ಮೂರರಿಂದ ಐದು ವರ್ಷ ಬರುತ್ತದೆ. ನಾನು ಪ್ಯಾನೆಲ್ ಇಟ್ಟದ್ದು ಹೆಂಚಿನ ಕೆಳಗೆ, ಅಟ್ಟದ ಪಕ್ಕ. ಏಪ್ರಿಲ್ ಬಿಸಿಲಿಗೆ ಅಲ್ಲಿ ಕೈ ಇಡೋಕಾಗಲ್ಲ, ಶಾಖಕ್ಕೆ ಬ್ಯಾಟರಿ ಆಯಸ್ಸು ಇನ್ನೂ ಕಮ್ಮಿ. ಹೊಸದು ಹಾಕಿಸಿ ಮೈಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆದೆ, ಪ್ಯಾನೆಲ್ಲನ್ನು ನಡುಮನೆಗೆ ಇಳಿಸಿದೆ. ಪರೀಕ್ಷೆ ಮಾಡುವಾಗ ಪ್ಲಗ್ ತೆಗೆದೇ ಮಾಡಿ. ಪ್ಲಗ್ ಇಟ್ಟುಕೊಂಡು ಮಾಡುವುದು ಪರೀಕ್ಷೆಯೇ ಅಲ್ಲ.

ಮೂರನೆಯದಕ್ಕೆ ಪೂರ್ತಿ ತಪ್ಪು ನನ್ನದೇ. ಹಿತ್ತಲ ಬಾಗಿಲು ಹಲಸಿನ ಮರದ್ದು, ಮಳೆಗಾಲದಲ್ಲಿ ಉಬ್ಬುತ್ತದೆ. ಚಿಲಕ ಹಾಕಿದರೂ ಸೆನ್ಸರಿಗೂ ಮ್ಯಾಗ್ನೆಟ್ಟಿಗೂ ನಡುವೆ ಎರಡು ಬೆರಳು ಸಂದು. ಪ್ಯಾನೆಲ್ "ಝೋನ್ 3 ತೆರೆದಿದೆ" ಅನ್ನುತ್ತದೆ. ಜುಲೈನ ಒಂದು ರಾತ್ರಿ ರೋಸಿಹೋಗಿ ಆ ಝೋನನ್ನು ಬೈಪಾಸ್ ಮಾಡಿ, ಅಂದರೆ ಆ ಬಾಗಿಲನ್ನು ಕಾವಲಿನಿಂದ ಬಿಟ್ಟು, ಮಲಗಿದೆ. ನೆನಪಾದದ್ದು ದೀಪಾವಳಿಗೆ ಬಾಗಿಲಿಗೆ ಬಣ್ಣ ಹೊಡೆಸುವಾಗ. ಕಳ್ಳ ಬರುವುದಾದರೆ ಬರಬೇಕಾದ ಬಾಗಿಲೇ ಅದು, ಅಲ್ವಾ? ನಾಲ್ಕು ತಿಂಗಳು ಕಾವಲಿಲ್ಲದೆ ಇತ್ತು. ಬಡಗಿ ಬಂದು ಮ್ಯಾಗ್ನೆಟ್ ಕೆಳಗೆ ತೆಳು ಪಟ್ಟಿ ಕೊಟ್ಟ, ಇಪ್ಪತ್ತು ನಿಮಿಷದ ಕೆಲಸ.

ಎಎಂಸಿ, ಅಂದರೆ ವರ್ಷದ ನಿರ್ವಹಣೆ ಒಪ್ಪಂದದ ಬಗ್ಗೆ ಕೇಳಬೇಡಿ. ವರ್ಷಕ್ಕೆ 2,000 ರೂಪಾಯಿಯಂತೆ ಎರಡು ವರ್ಷ ಕಟ್ಟಿದೆ. ಹುಡುಗ ಬಂದ, ಪ್ಯಾನೆಲ್ ಮೇಲಿನ ಧೂಳು ಒರೆಸಿದ, ಸಹಿ ಹಾಕಿಸಿಕೊಂಡ, ಕಾಫಿ ಕುಡಿದು ಹೋದ. ಸಿಮ್ ನೋಡಲಿಲ್ಲ, ಬ್ಯಾಟರಿ ನೋಡಲಿಲ್ಲ. ಧೂಳು ನಾನೇ ಒರೆಸಬಲ್ಲೆ.

ಅಡುಗೆಮನೆಗೆ ಆಮೇಲೆ ಗ್ಯಾಸ್ ಅಲಾರಂ ಸೇರಿಸಿದೆವು. ಅಂಗಡಿಯವನು ಮೇಲೆ ಹೊಡೆಯೋಣ ಅಂದ, ನಾನು ಬಿಡಲಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಹರಿಯುತ್ತದೆ. ಹಾಗಾಗಿ ನೆಲದಿಂದ ಒಂದಡಿ ಮೇಲೆ ಕೂತಿದೆ. ಜಿರಳೆ ಸ್ಪ್ರೇಗೂ ಕಿರುಚುತ್ತದೆ, ಕಿರುಚಲಿ. ಗ್ಯಾಸ್ ಸೋರಿಕೆಗೆ 1906 ನಂಬರು ಅದರ ಪಕ್ಕದಲ್ಲೇ ಅಂಟಿಸಿದ್ದೇವೆ.

ಆರು ವರ್ಷದಲ್ಲಿ ಈ ಅಲಾರಂ ನಿಜವಾಗಿ ಕೆಲಸಕ್ಕೆ ಬಂದದ್ದು ಒಂದೇ ಸಲ. ಹೋದ ವರ್ಷ ಶ್ರಾವಣದಲ್ಲಿ ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಜಾರಿ ಬಿದ್ದರು. ನಾವಿಬ್ಬರೂ ಕೆಲಸಕ್ಕೆ ಹೋಗಿದ್ದೆವು. ರಿಮೋಟು ಅವರ ಸೊಂಟದ ಬೀಗದ ಕೈ ಗೊಂಚಲಲ್ಲಿತ್ತು. ಅದರ ಎಸ್‌ಒಎಸ್ ಗುಂಡಿ ಒತ್ತಿದರಂತೆ, ಏನೂ ಆಗಲಿಲ್ಲ. ಸೆಲ್ ಇಳಿದಿತ್ತು. ನಾಲ್ಕನೇ ಸಲ ಒತ್ತಿ ಹಿಡಿದಾಗ ಹೂಟರ್ ಕೂಗಿತು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿಕೊಂಡು ಕಾಂಪೌಂಡ್ ಸುತ್ತಿ ಓಡಿ ಬಂದರು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು, ಮತ್ತೇನೂ ಆಗಲಿಲ್ಲ.

ಆ ಮೊದಲ ಮೂರು ಸಲದ ಮೌನ ನೆನೆದರೆ ನನಗೆ ಇನ್ನೂ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ರಿಮೋಟ್ ಸೆಲ್ ಈಗ ಪ್ರತಿ ಯುಗಾದಿಗೆ ಬದಲಾಗುತ್ತದೆ, ದೀಪ ಉರಿಯಲಿ ಬಿಡಲಿ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪ್ಲಗ್ ತೆಗೆದು, ಒಂದೊಂದೇ ಬಾಗಿಲು ತೆರೆದು ನೋಡುತ್ತೇವೆ. ಕೊನೆಗೆ ಗುಂಡಿ ಒತ್ತುವುದು ಅಮ್ಮನೇ.

ಹೂಟರಿಗೆ ಐದಕ್ಕೆ ಐದು. ಸೆನ್ಸರುಗಳಿಗೆ ನಾಲ್ಕು. ಜೊತೆಗೆ ಬಂದ ಪುಸ್ತಕಕ್ಕೆ ಸೊನ್ನೆ. ಅದರಲ್ಲಿ ಬ್ಯಾಟರಿ ಎಷ್ಟು ವರ್ಷಕ್ಕೆ ಬದಲಿಸಬೇಕು ಅನ್ನುವ ಒಂದು ಸಾಲೂ ಇಲ್ಲ. ಮೇಷ್ಟ್ರು ಹೋದ ಭಾನುವಾರ ಹೂಟರ್ ಕೇಳಿ ಕಿಟಕಿಗೆ ಬಂದು ಗಡಿಯಾರ ನೋಡಿ ಹೇಳಿದರು, "ಎರಡು ನಿಮಿಷ ಲೇಟು ಕಣ್ರೀ."