ಪೈಸೆ ಹುಡುಕಿಕೊಟ್ಟ ಡೀಬಗರ್: ವಿನ್‌ಡಿಬಿಜಿ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ವಿನ್‌ಡಿಬಿಜಿ ನೋಡಿದ ಕೂಡಲೇ ಇಷ್ಟವಾಗುವ ಸಾಮಾನಲ್ಲ. ಪ್ರೋಗ್ರಾಮಿನ ಒಳಗಿನ ತಪ್ಪು ಹುಡುಕುವ ಡೀಬಗರ್ ಇದು. ಮೈಕ್ರೋಸಾಫ್ಟ್‌ನವರದ್ದು, ಪುಕ್ಕಟೆ ಸಿಗುತ್ತದೆ, ಬಹಳ ವರ್ಷದಿಂದ ಇದೆ. ಸಿ ಪ್ಲಸ್ ಪ್ಲಸ್‌ನಲ್ಲೇ ಅನ್ನ ಸಂಪಾದಿಸುವ ನಾನು ಮಾತ್ರ ಇಷ್ಟು ದಿನ ಅದರ ಹತ್ತಿರ ಸುಳಿದಿರಲಿಲ್ಲ. ಕೋಡ್ ಬರೆಯುವ ವಿಷುಯಲ್ ಸ್ಟುಡಿಯೋದಲ್ಲಿ ಎಫ್5 ಒತ್ತಿದರೆ ಅದರದ್ದೇ ಡೀಬಗರ್ ಶುರುವಾಗಿ ಕೆಲಸ ಆಗುತ್ತಿತ್ತು. ಕಳೆದ ವರ್ಷ ಅಡಿಕೆ ಕೊಯ್ಲು ಮುಗಿದು ಮಂಡಿಗೆ ಮಾಲು ಬರತೊಡಗಿದ ಹೊತ್ತಿಗೆ ಎಫ್5 ಕೈಕೊಟ್ಟಿತು.

ನಾನು ಶಿವಮೊಗ್ಗದಲ್ಲಿ ಮನೆಯ ಮಹಡಿ ಮೇಲೆ ಕೂತು ಮಂಡಿಗಳಿಗೆ ಬಿಲ್ ಸಾಫ್ಟ್‌ವೇರ್ ಬರೆದುಕೊಡುವವನು. ಎಂಎಫ್‌ಸಿಯಲ್ಲಿ (ವಿಂಡೋಸಿಗೆಂದೇ ಇರುವ ಮೈಕ್ರೋಸಾಫ್ಟ್ ಲೈಬ್ರರಿ) ಬರೆದ ಹಳೇ ಕಾಲದ ಡೆಸ್ಕ್‌ಟಾಪ್ ಪ್ರೋಗ್ರಾಮ್. ರೈತರ ಹೆಸರು ಹುಡುಕು, ಅಡಿಕೆಯಲ್ಲಿ ರಾಶಿಯೋ ಬೆಟ್ಟೆಯೋ ಗೊರಬಲೋ ಬಗೆ ಆರಿಸು, ತೂಕ ಹಾಕು, ದರ ಹಾಕು, ಬಿಲ್ ಹೊಡಿ. ಕೊನೆಯ ಮೊತ್ತವನ್ನು ಹತ್ತಿರದ ರೂಪಾಯಿಗೆ ಸುತ್ತಬೇಕು, ಅಂದರೆ ಪೈಸೆ ಉಳಿಯಬಾರದು. ಒಂದು ಹೊಸ ಆವೃತ್ತಿ ಕೊಟ್ಟು ನಾಲ್ಕು ದಿನ ಆಗಿತ್ತು. ಒಂದು ಮಂಡಿಯ ಗುಮಾಸ್ತರು ಫೋನ್ ಮಾಡಿದರು. "ಏನ್ ಮಾರಾಯ್ರೆ, ಬಿಲ್ಲಲ್ಲಿ ಪೈಸೆ ಬರ್ತಾ ಇದೆ. ಎಲ್ಲದ್ರಲ್ಲೂ ಅಲ್ಲ, ಕೆಲವದ್ರಲ್ಲಿ. ಸಂಜೆ ಕಿರ್ದಿ ಹೊಂದ್ತಾ ಇಲ್ಲ."

ನನ್ನ ಯಂತ್ರದಲ್ಲಿ ಡೀಬಗ್ ಬಿಲ್ಡ್, ಅಂದರೆ ತಪ್ಪು ಹುಡುಕಲು ಕಟ್ಟುವ ರೂಪ, ಓಡಿಸಿದೆ. ಐವತ್ತು ಬಿಲ್ ಹೊಡೆದೆ, ಐವತ್ತೂ ಸರಿ. ಗಿರಾಕಿಗೆ ಕೊಡುವ ರಿಲೀಸ್ ಬಿಲ್ಡ್ ಓಡಿಸಿದೆ, ಅದೂ ಸರಿ. ಮಂಡಿಗೆ ಹೋಗಿ ಅವರ ಕಂಪ್ಯೂಟರ್ ಮುಂದೆ ಕೂತರೆ ಅದೇ ರಿಲೀಸ್ ಬಿಲ್ಡ್ ಹತ್ತರಲ್ಲಿ ಮೂರಕ್ಕೆ ಪೈಸೆ ಉಳಿಸುತ್ತಿತ್ತು. ಮಧ್ಯೆ ಮಧ್ಯೆ ಏನು ನಡೆಯಿತೆಂದು ದಾಖಲಿಸುವ ಲಾಗ್ ಸಾಲು ಸೇರಿಸಿ ಹೊಸ ಬಿಲ್ಡ್ ಒಯ್ದೆ. ಲಾಗ್ ಸೇರಿಸಿದ್ದೇ ತಡ, ರೋಗ ಮಾಯ. ತೆಗೆದರೆ ಮತ್ತೆ ಹಾಜರು.

ಆಗ ಗುಮಾಸ್ತರು ಒಂದು ಮಾತು ಹೇಳಿದರು. "ಇಂಗ್ಲಿಷಲ್ಲಿ ಹೆಸ್ರು ಹೊಡ್ದು ಹುಡುಕಿದ್ರೆ ಪೈಸೆ ಬರುತ್ತೆ ನೋಡಿ. ಕನ್ನಡದಲ್ಲಿ ಹೊಡ್ದ್ರೆ ಬರಲ್ಲ." ನಾನು ನಕ್ಕೆ. ಹೆಸರು ಹುಡುಕುವುದಕ್ಕೂ ಮೊತ್ತ ಸುತ್ತುವುದಕ್ಕೂ ಏನು ಸಂಬಂಧ? ಆ ನಗುವಿನ ಬಗ್ಗೆ ಈಗಲೂ ನಾಚಿಕೆ ಇದೆ.

ರಿಲೀಸ್‌ನಲ್ಲಿ ಮಾತ್ರ ಕಾಡುವ ರೋಗ ನನಗೆ ಹೊಸದೇನಲ್ಲ. ಹಿಂದೊಮ್ಮೆ, ಅಂದುಕೊಂಡದ್ದು ನಿಜವೇ ಎಂದು ಪರೀಕ್ಷಿಸುವ ಅಸರ್ಟ್ ಒಳಗೇ ಫೈಲ್ ತೆರೆಯುವ ಫಂಕ್ಷನ್ ಕರೆದಿದ್ದೆ. ರಿಲೀಸ್‌ನಲ್ಲಿ ಅಸರ್ಟ್ ಪೂರ್ತಿ ಅಳಿಸಿಹೋಗುತ್ತದೆ, ಜೊತೆಗೆ ಒಳಗಿನ ಕರೆಯೂ. ಫೈಲ್ ತೆರೆಯುತ್ತಲೇ ಇರಲಿಲ್ಲ. ಅದು ಅರ್ಧ ಗಂಟೆಯಲ್ಲಿ ಸಿಕ್ಕಿತ್ತು. ಇದು ವಾರವಾದರೂ ಸಿಗಲಿಲ್ಲ, ಕೊನೆಗೆ ವಿನ್‌ಡಿಬಿಜಿ ಇಳಿಸಿಕೊಂಡೆ.

ಈಗ ಸಾಮಾನಿನ ವಿಚಾರಕ್ಕೆ ಬರುತ್ತೇನೆ. ಹಳೇ ವಿನ್‌ಡಿಬಿಜಿ ನೋಡಿ ಹೆದರಿದವರು ಇದ್ದೀರಿ ಅಲ್ವಾ? ಬೂದು ಬಣ್ಣದ ಕಿಟಕಿಗಳು ಒಂದರ ಮೇಲೊಂದು. 2017ರಲ್ಲಿ ಪ್ರಿವ್ಯೂ ಅನ್ನುವ ಬಾಲದ ಜೊತೆ ಹೊಸ ರೂಪ ಬಂತು, ಈಗ ಬಾಲ ಹೋಗಿ ಅದೇ ವಿನ್‌ಡಿಬಿಜಿ ಆಗಿದೆ. ಮೇಲೆ ರಿಬ್ಬನ್, ಕಪ್ಪು ಹಿನ್ನೆಲೆ, ಪರವಾಗಿಲ್ಲ ಅನ್ನುವ ಹಾಗಿದೆ. ಆದರೆ ಮೇಲಿನ ಬಣ್ಣ ಬದಲಾದರೂ ಕೆಳಗಿನ ಕಮಾಂಡುಗಳು ಹಳೆಯವೇ. ಒಂದಕ್ಕೆ ಮುಂದೆ ಚುಕ್ಕೆ, ಇನ್ನೊಂದಕ್ಕೆ ಆಶ್ಚರ್ಯಸೂಚಕ, ಮತ್ತೊಂದಕ್ಕೆ ಏನೂ ಇಲ್ಲ. ನಾನು ಒಂದು ಹಾಳೆಯಲ್ಲಿ ಹನ್ನೆರಡು ಕಮಾಂಡು ಬರೆದು ಗೋಡೆಗೆ ಅಂಟಿಸಿದ್ದೇನೆ. ಅಷ್ಟರಲ್ಲೇ ಸಂಸಾರ ನಡೆಯುತ್ತಿದೆ.

ಮೊದಲ ಎರಡು ದಿನ ಇದೂ ನನ್ನನ್ನು ಆಟ ಆಡಿಸಿತು. ಮಂಡಿಯ ಕಂಪ್ಯೂಟರಲ್ಲೇ ವಿನ್‌ಡಿಬಿಜಿ ಒಳಗಿಂದ ನನ್ನ ಪ್ರೋಗ್ರಾಮ್ ಶುರು ಮಾಡಿದೆ. ಪೈಸೆ ಸಮಸ್ಯೆಯೇ ಇಲ್ಲ! ಡೀಬಗರ್ ಮುಚ್ಚಿ ಡೆಸ್ಕ್‌ಟಾಪ್ ಮೇಲಿಂದ ತೆರೆದರೆ ಪೈಸೆ ವಾಪಸ್. ಮಾಸ್ತರು ಕ್ಲಾಸಿನಲ್ಲಿ ಇದ್ದಾಗ ಗಪ್‌ಚುಪ್ ಕೂತು, ಹೊರಗೆ ಹೋದ ಕೂಡಲೇ ಗಲಾಟೆ ಶುರು ಮಾಡುವ ಹುಡುಗನ ಹಾಗೆ.

ಇದಕ್ಕೆ ಕಾರಣ ಆಮೇಲೆ ತಿಳಿಯಿತು. ಡೀಬಗರ್ ಒಳಗಿಂದ ಪ್ರೋಗ್ರಾಮ್ ಶುರು ಮಾಡಿದರೆ ವಿಂಡೋಸ್ ತಾನಾಗಿ ಡೀಬಗ್ ಹೀಪ್ (ಮೆಮೊರಿ ಹಂಚುವ ಹೀಪ್ ಅನ್ನುವ ವ್ಯವಸ್ಥೆಯ ತಪ್ಪು ಹುಡುಕುವ ರೂಪ) ಹಾಕುತ್ತದೆ. ಹೊಸದಾಗಿ ಕೊಡುವ ಮೆಮೊರಿಯಲ್ಲಿ ಒಂದು ಗುರುತಿನ ಅಂಕೆ ತುಂಬುತ್ತದೆ. ಹದಿನಾರರ ಲೆಕ್ಕದ ಹೆಕ್ಸ್‌ನಲ್ಲಿ ಅದನ್ನು ಓದಿದರೆ ಇಂಗ್ಲಿಷಿನ 'ಬ್ಯಾಡ್ ಫುಡ್' ಅನ್ನುವ ಹಾಗೆ ಕಾಣುತ್ತದೆ, ಹಳಸಿದ ಊಟ. ಅದರ ನಾಲ್ಕು ಬೈಟುಗಳಲ್ಲಿ ಒಂದೂ ಸೊನ್ನೆಯಲ್ಲ. ಡೀಬಗ್ ಬಿಲ್ಡ್‌ನಲ್ಲಿ ಮೈಕ್ರೋಸಾಫ್ಟ್‌ನ ಸಿ ರನ್‌ಟೈಮ್ ಮಾಡುವುದೂ ಇದೇ ಕೆಲಸ. ಅದು ಪ್ರತಿ ಬೈಟಿಗೂ ಹೆಕ್ಸ್‌ನ ಸಿಡಿ, ಅಂದರೆ 205, ತುಂಬುತ್ತದೆ. ಡೀಬಗ್ ಮಾಡುವಾಗ ಯಾವುದಾದರೂ ಇಂಟಿಜರ್ ಬೆಲೆ -842150451 ಎಂದು ಕಂಡಿದ್ದರೆ ಅದು ಇದೇ ಸಿಡಿ ಸಾಲು. ಹೌದು-ಅಲ್ಲ ಅನ್ನುವ ಬೂಲಿಯನ್‌ಗೆ ಸೊನ್ನೆ ಬಿಟ್ಟು ಮತ್ತೆಲ್ಲವೂ ಹೌದೇ. ಹಾಗಾಗಿ ಯಾರೂ ಬೆಲೆ ಕೊಡದ ಒಂದು ಬೂಲಿಯನ್ ಇದ್ದರೆ ಅದು ಡೀಬಗ್ ಬಿಲ್ಡ್‌ನಲ್ಲಿ ಹೌದು, ಡೀಬಗರ್ ಒಳಗಿಂದ ಶುರುವಾದ ರಿಲೀಸ್‌ನಲ್ಲೂ ಹೌದು. ಡೀಬಗರ್ ಇಲ್ಲದ ರಿಲೀಸ್‌ನಲ್ಲಿ ಮಾತ್ರ ದೇವರಿಟ್ಟ ಹಾಗೆ.

ಈ ಡೀಬಗ್ ಹೀಪ್ ಬೇಡ ಎನ್ನಲು ವಿನ್‌ಡಿಬಿಜಿಯಲ್ಲಿ ಒಂದು ಆಯ್ಕೆ ಇದೆ, ಶುರುವಿನಲ್ಲೇ ಕೊಡಬೇಕು. ನಾನು ಅದಕ್ಕಿಂತ ಸುಲಭದ ದಾರಿ ಹಿಡಿದೆ. ಪ್ರೋಗ್ರಾಮ್ ಮಾಮೂಲಿಯಾಗಿ ಡೆಸ್ಕ್‌ಟಾಪಿನಿಂದಲೇ ಶುರುವಾಗಲಿ, ಆಮೇಲೆ ಡೀಬಗರನ್ನು ಅದಕ್ಕೆ ಅಂಟಿಸಿದರಾಯಿತು, ಅಂದರೆ ಅಟ್ಯಾಚ್ ಮಾಡಿದರಾಯಿತು. ರಿಲೀಸ್ ಬಿಲ್ಡ್‌ನಲ್ಲಿ ಮಾತ್ರ ಕಾಡುವ ರೋಗ ಇದ್ದವರು ಇದೊಂದನ್ನು ಗೋಡೆಯ ಹಾಳೆಯಲ್ಲಿ ಮೊದಲ ಸಾಲಾಗಿ ಬರೆದುಕೊಳ್ಳಿ.

ಇದರ ನಿಜವಾದ ಬಂಡವಾಳ ಟೈಮ್ ಟ್ರಾವೆಲ್ ಡೀಬಗಿಂಗ್. ಓಡುತ್ತಿರುವ ಪ್ರೋಗ್ರಾಮ್ ಮಾಡುವ ಪ್ರತಿ ಹೆಜ್ಜೆಯನ್ನೂ ಇದು ಒಂದು ಫೈಲಿಗೆ ಬರೆದುಕೊಳ್ಳುತ್ತದೆ. ಆ ಫೈಲನ್ನು ಮನೆಗೆ ತಂದು ಮುಂದಕ್ಕೂ ಓಡಿಸಬಹುದು, ಹಿಂದಕ್ಕೂ ಓಡಿಸಬಹುದು. ಹಿಂದಕ್ಕೆ ಅಂದರೆ ನಿಜವಾಗಿ ಹಿಂದಕ್ಕೆ. ಓಡು ಎನ್ನುವ 'ಜಿ' ಕಮಾಂಡಿಗೆ ಒಂದು ಮೈನಸ್ ಸೇರಿಸಿದರೆ ಪ್ರೋಗ್ರಾಮ್ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ರೆಕಾರ್ಡ್ ಮಾಡಲು ಬೇಕಾದ ಸಣ್ಣ ಟೂಲ್ ಬೇರೆಯಾಗಿಯೂ ಸಿಗುತ್ತದೆ. ಈ ಸಲ ಮಂಡಿಯ ಕಂಪ್ಯೂಟರಿನಲ್ಲಿ ನಾನು ಅಷ್ಟನ್ನೇ ಬಳಸಿದೆ.

ರೆಕಾರ್ಡ್ ಶುರು ಮಾಡಿದ ಮೇಲೆ ಪ್ರೋಗ್ರಾಮ್ ತೆವಳುತ್ತದೆ. ಹತ್ತು ಇಪ್ಪತ್ತು ಪಟ್ಟು ನಿಧಾನ ಅಂತ ಇಟ್ಟುಕೊಳ್ಳಿ. ಬಿಲ್ ಕಿಟಕಿ ತೆರೆಯುವಷ್ಟರಲ್ಲಿ ಗುಮಾಸ್ತರು ಎಲೆಗೆ ಸುಣ್ಣ ಹಚ್ಚಿ ಮಡಿಸಿ ಬಾಯಿಗೆ ಹಾಕಿಕೊಂಡರು. ಎರಡು ಬಿಲ್ ಹೊಡೆಸಿದೆ, ಒಂದು ಇಂಗ್ಲಿಷಿನಲ್ಲಿ ಹುಡುಕಿ, ಒಂದು ಕನ್ನಡದಲ್ಲಿ ಹುಡುಕಿ. ಮೊದಲನೆಯದರಲ್ಲಿ 40 ಪೈಸೆ ಉಳಿಯಿತು. ಎರಡನೆಯದು ಸರಿಯಾಗಿ ರೂಪಾಯಿಗೆ ನಿಂತಿತು. "ನಾ ಹೇಳಿಲ್ವಾ?" ಎಂದರು. ನಾಲ್ಕು ನಿಮಿಷಕ್ಕೆ ಫೈಲ್ ಸುಮಾರು 3 ಜಿಬಿ ಆಗಿತ್ತು. ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಗೆ ಬಂದೆ.

ಇಲ್ಲಿ ಒಂದು ಎಚ್ಚರಿಕೆ. ಈ ಫೈಲಿನಲ್ಲಿ ಪ್ರೋಗ್ರಾಮ್ ಮುಟ್ಟಿದ ಮೆಮೊರಿ ಎಲ್ಲ ಇರುತ್ತದೆ. ಅಂದರೆ ರೈತರ ಹೆಸರು, ಬ್ಯಾಂಕ್ ಖಾತೆ ನಂಬರು, ಎಲ್ಲ. ಸುಮ್ನೆ ಯಾರಿಗೋ ಕಳಿಸುವ ವಸ್ತು ಅಲ್ಲ ಅದು. ನಾನು ಸುಳ್ಳು ಹೆಸರು, ಸುಳ್ಳು ಖಾತೆ ಹಾಕಿ ಬಿಲ್ ಹೊಡೆಸಿದ್ದೆ, ಆದರೂ ಕೆಲಸ ಮುಗಿದ ರಾತ್ರಿಯೇ ಅಳಿಸಿದೆ.

ಮನೆಯಲ್ಲಿ ಫೈಲ್ ತೆರೆದರೆ ಮೊದಲು ಇಂಡೆಕ್ಸ್ ಮಾಡಿಕೊಳ್ಳುತ್ತದೆ. ವಿಂಡೋಸ್‌ನ ಸಿಂಬಲ್‌ಗಳನ್ನು (ಯಾವ ವಿಳಾಸದಲ್ಲಿ ಯಾವ ಫಂಕ್ಷನ್ ಎಂದು ಹೇಳುವ ಪಟ್ಟಿ) ಮೈಕ್ರೋಸಾಫ್ಟ್ ಸರ್ವರಿನಿಂದ ಇಳಿಸಿಕೊಳ್ಳುತ್ತದೆ. ಊಟ ಮಾಡಿ ಬನ್ನಿ. ನಮ್ಮ ಪ್ರೋಗ್ರಾಮಿನ ಸಿಂಬಲ್ ಫೈಲ್, ಪಿಡಿಬಿ, ನಾವೇ ಇಟ್ಟುಕೊಂಡಿರಬೇಕು. ಅದೂ ಅದೇ ಬಿಲ್ಡಿನದ್ದೇ ಆಗಬೇಕು. ಅದೇ ಕೋಡನ್ನು ಮತ್ತೆ ಬಿಲ್ಡ್ ಮಾಡಿದರೆ ಗುರುತಿನ ಸಂಖ್ಯೆ ಬೇರೆ ಬರುತ್ತದೆ, ವಿನ್‌ಡಿಬಿಜಿ ಒಪ್ಪುವುದಿಲ್ಲ. ಪುಣ್ಯಕ್ಕೆ ಪ್ರತಿ ಆವೃತ್ತಿಗೂ ಒಂದು ಫೋಲ್ಡರ್ ಮಾಡಿ ಎತ್ತಿಡುವ ಅಭ್ಯಾಸ ನನಗಿತ್ತು.

ಮೊತ್ತ ಸುತ್ತುವ ಫಂಕ್ಷನ್ ಮೇಲೆ ಬ್ರೇಕ್‌ಪಾಯಿಂಟ್, ಅಂದರೆ ನಿಲ್ಲುವ ಗುರುತು, ಇಡೋಣ ಎಂದರೆ ಆ ಫಂಕ್ಷನ್ನೇ ಇಲ್ಲ. ಕಂಪೈಲರ್ ಅದನ್ನು ಕರೆದ ಜಾಗದಲ್ಲೇ ಕರಗಿಸಿಬಿಟ್ಟಿತ್ತು. ರಿಲೀಸ್ ಬಿಲ್ಡ್ ಅಂದರೆ ಹೀಗೇ, ವೇರಿಯಬಲ್ ಹೆಸರು ಹೊಡೆದರೆ ಬೆಲೆ ಸಿಗುವುದಿಲ್ಲ ಎನ್ನುತ್ತದೆ. ಆದರೆ ಬಿಲ್ ಪ್ರಿಂಟ್ ಮಾಡುವ ಫಂಕ್ಷನ್ ಡಿಎಲ್‌ಎಲ್ ಅನ್ನುವ ಬೇರೆ ಫೈಲಿನಲ್ಲಿತ್ತು, ಅದನ್ನು ಕರಗಿಸಲು ಆಗಿರಲಿಲ್ಲ. ಅಲ್ಲಿ ನಿಲ್ಲಿಸಿದೆ. 64 ಬಿಟ್ ವಿಂಡೋಸ್‌ನಲ್ಲಿ ಫಂಕ್ಷನ್ನಿಗೆ ಕೊಡುವ ಮೊದಲ ಬೆಲೆ (ಆರ್ಗ್ಯುಮೆಂಟ್) ಪ್ರೊಸೆಸರಿನ ಆರ್‌ಸಿಎಕ್ಸ್ ರಿಜಿಸ್ಟರಿನಲ್ಲಿ ಬರುತ್ತದೆ, ಅದೇ ನನ್ನ ಬಿಲ್ಲಿನ ವಿಳಾಸ. ಬಿಲ್ಲಿನೊಳಗೆ ಒಂದೊಂದೇ ಸದಸ್ಯನನ್ನು, ಅಂದರೆ ಒಳಗಿನ ಬೆಲೆಯನ್ನು, ನೋಡುತ್ತ ಹೋದೆ. ದರ ಸರಿ, ತೂಕ ಸರಿ. 'ಸುತ್ತಬೇಕೋ' ಅನ್ನುವ ಬೂಲಿಯನ್ ಸೊನ್ನೆ.

ಇದನ್ನು ಸೊನ್ನೆ ಮಾಡಿದ್ದು ಯಾರು? ಆ ಒಂದು ಬೈಟಿನ ಮೇಲೆ ಕಾವಲು ಹಾಕಿದೆ. ಇಲ್ಲಿಗೆ ಯಾರು ಬರೆದರೂ ನಿಲ್ಲಿಸು ಅಂತ. ಆಮೇಲೆ ಪ್ರೋಗ್ರಾಮನ್ನು ಹಿಂದಕ್ಕೆ ಓಡಿಸಿದೆ.

ಬಿಲ್ಲನ್ನು ಹುಟ್ಟಿಸುವ ಕನ್‌ಸ್ಟ್ರಕ್ಟರಿನಲ್ಲಿ ನಿಲ್ಲುತ್ತದೆ ಅಂದುಕೊಂಡಿದ್ದೆ. ಅದನ್ನು ದಾಟಿ ಹಿಂದಕ್ಕೆ ಹೋಯಿತು. ಬಿಲ್ ಹುಟ್ಟುವುದಕ್ಕೂ ಮುಂಚಿನ ಕಾಲಕ್ಕೆ ಹೋಗಿ ನಿಂತಿತು. ಯಾರು ಯಾರನ್ನು ಕರೆದರು ಎಂದು ಹೇಳುವ ಕಾಲ್ ಸ್ಟ್ಯಾಕ್ ತೆಗೆದರೆ, ಹುಡುಕುವ ಪೆಟ್ಟಿಗೆಯ ಹೆಸರನ್ನು ನಕಲು ಮಾಡುವ ನನ್ನದೇ ಫಂಕ್ಷನ್. ನಿಜ ಹೇಳುತ್ತೇನೆ, ಕುರ್ಚಿಯಿಂದ ಎದ್ದು ಒಂದು ಸುತ್ತು ಓಡಾಡಿ ಬಂದೆ.

ಆಗಿದ್ದು ಇಷ್ಟು. ಹುಡುಕಿ ಮುಗಿದ ಮೇಲೆ ಹೆಸರಿನ ಮೆಮೊರಿ ಬಿಡುಗಡೆ ಆಗುತ್ತದೆ. ಹೀಪ್ ಅದೇ ಜಾಗವನ್ನು ಬಿಲ್ಲಿಗೆ ಕೊಡುತ್ತದೆ, ಒರೆಸದೆ. ಲಾಗ್ ಸೇರಿಸಿದಾಗ ಬಿಲ್ಲಿಗೆ ಬೇರೆ ಜಾಗ ಸಿಗುತ್ತಿತ್ತು, ಅದಕ್ಕೇ ಆಗ ರೋಗ ಮಾಯ. ಹೊಸ ಆವೃತ್ತಿಯಲ್ಲಿ ನಾನು ಆ ಬೂಲಿಯನ್ ಸೇರಿಸಿದ್ದೆ, ಕನ್‌ಸ್ಟ್ರಕ್ಟರಿನಲ್ಲಿ ಬೆಲೆ ಕೊಡಲು ಮರೆತಿದ್ದೆ. ಹಾಗಾಗಿ ಬಿಲ್ ಸುತ್ತಬೇಕೋ ಬೇಡವೋ ಎಂದು ತೀರ್ಮಾನ ಮಾಡುತ್ತಿದ್ದುದು ಹಳೇ ಹೆಸರಿನ ಒಂದು ಬೈಟ್. ವಿಂಡೋಸ್‌ನಲ್ಲಿ ಒಂದು ಅಕ್ಷರಕ್ಕೆ ಎರಡು ಬೈಟ್. ಇಂಗ್ಲಿಷ್ ಅಕ್ಷರವಾದರೆ ಎರಡನೇ ಬೈಟ್ ಸೊನ್ನೆ. ಕನ್ನಡಕ್ಕೆ ಯುನಿಕೋಡ್ ಕೊಟ್ಟ ಜಾಗ ಹೆಕ್ಸ್‌ನ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ. ಅಂದರೆ ಕನ್ನಡದ ಯಾವ ಅಕ್ಷರವಾದರೂ ಎರಡನೇ ಬೈಟ್ 0ಸಿ, ಅಂದರೆ 12. ಎರಡನೇ ಬಿಲ್ಲಿನ ವಿಳಾಸಕ್ಕೆ ಹೋಗಿ ನೋಡಿದೆ, ಅಲ್ಲಿ 12 ಕೂತಿತ್ತು. ಇಂಗ್ಲಿಷಿಗೆ ಪೈಸೆ, ಕನ್ನಡಕ್ಕೆ ಪೂರ್ತಿ ರೂಪಾಯಿ. ಮನೆಯಲ್ಲಿ ನನಗೆ ಯಾಕೆ ಕಾಣಲಿಲ್ಲ ಅಂದರೆ, ಪರೀಕ್ಷೆಗೆ ನಾನು ಯಾವಾಗಲೂ ಹೊಡೆಯುವ ಹೆಸರು 'ಪರೀಕ್ಷೆ ರೈತರು, ಶಿವಮೊಗ್ಗ'. ಕನ್ನಡಾಭಿಮಾನ ಹೀಗೂ ಕೈಕೊಡುತ್ತದೆ.

ಬೇರೆ ಸಾಮಾನಿನಲ್ಲಿ ಇದು ಸಿಗುತ್ತಿತ್ತೇ? ವಿಷುಯಲ್ ಸ್ಟುಡಿಯೋದಲ್ಲಿ ಈಗ ಇರುವ ಅಡ್ರೆಸ್ ಸ್ಯಾನಿಟೈಸರ್ ಬಫರ್ ಮೀರಿ ಬರೆದಿದ್ದನ್ನು ಹಿಡಿಯುತ್ತದೆ, ಬಿಡುಗಡೆಯಾದ ಮೆಮೊರಿ ಮುಟ್ಟಿದ್ದನ್ನು ಹಿಡಿಯುತ್ತದೆ. ಬೆಲೆ ಕೊಡದೆ ಓದಿದ್ದನ್ನು ಹಿಡಿಯುವುದಿಲ್ಲ. ಲಿನಕ್ಸ್‌ನಲ್ಲಾದರೆ ವ್ಯಾಲ್‌ಗ್ರಿಂಡ್ ಹಿಡಿಯುತ್ತಿತ್ತು, ಆದರೆ ಎಂಎಫ್‌ಸಿ ಪ್ರೋಗ್ರಾಮನ್ನು ಅಲ್ಲಿಗೆ ಹೊತ್ತುಕೊಂಡು ಹೋಗಲು ಆಗುತ್ತದೆಯೇ? ವಿಷುಯಲ್ ಸ್ಟುಡಿಯೋದ ಕೋಡ್ ಅನಾಲಿಸಿಸ್ ಮಾತ್ರ ಹೇಳುತ್ತಿತ್ತು. ಸದಸ್ಯನಿಗೆ ಬೆಲೆ ಕೊಟ್ಟಿಲ್ಲ ಅನ್ನುವ 26495ನೇ ಎಚ್ಚರಿಕೆ. ಆಮೇಲೆ ಓಡಿಸಿ ನೋಡಿದೆ, ಸರಿಯಾಗಿ ಅದೇ ಸಾಲಿಗೆ ಬೆರಳು ತೋರಿಸಿತು. ಅದರ ಮೇಲೆ ಕೆಳಗೆ ನನ್ನದೇ ಹಳೇ ಪಾಪಗಳ ಇನ್ನೂರು ಎಚ್ಚರಿಕೆ.

ವಿನ್‌ಡಿಬಿಜಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಡಿದದ್ದು ಕಮಾಂಡುಗಳ ಗೋಜಲಿಗೆ. ರೆಕಾರ್ಡ್ ಮಾಡಲು ಅಡ್ಮಿನ್ ಪಾಸ್‌ವರ್ಡ್ ಬೇಕು ಅನ್ನುವುದೂ ಗಿರಾಕಿಯ ಅಂಗಡಿಯಲ್ಲಿ ಕಿರಿಕಿರಿಯೇ. ಮಂಡಿಯಲ್ಲಿ ಅದು ಗೊತ್ತಿದ್ದದ್ದು ಮಾಲೀಕರ ಮಗನಿಗೆ ಮಾತ್ರ, ಆತ ತೋಟದಲ್ಲಿದ್ದ. ದಿನಾ ಬಳಸುವ ಡೀಬಗರ್ ಆಗಿ ಇದು ಬೇಡ, ಎಫ್5 ಸಾಕು. ಹಳ್ಳಿಯ ಯಾವುದೋ ಕಂಪ್ಯೂಟರಲ್ಲಿ ಮಾತ್ರ ಬರುವ, ನೋಡಲು ಹೋದರೆ ಅಡಗುವ ರೋಗಕ್ಕೆ ಇದನ್ನು ಇಟ್ಟುಕೊಳ್ಳಿ.

ತಿದ್ದಿದ್ದು ಒಂದೇ ಸಾಲು. ಹೊಸ ಆವೃತ್ತಿ ಹಾಕಿ ಬಂದ ದಿನ ಗುಮಾಸ್ತರು ಒಂದು ಚೀಟಿ ಕೊಟ್ಟರು. ಅಷ್ಟೂ ದಿನ ಕಿರ್ದಿಯಲ್ಲಿ ಹೊಂದದೆ ಉಳಿದ ಪೈಸೆಗಳನ್ನು ಪೆನ್ಸಿಲಿನಲ್ಲಿ ಕೂಡಿಟ್ಟಿದ್ದರು. ಒಟ್ಟು 37 ರೂಪಾಯಿ 60 ಪೈಸೆ. ನಾನು 38 ಕೊಟ್ಟೆ. "ಈಗ ಸರಿಯಾಗಿ ಸುತ್ತಿದ್ರಿ ನೋಡಿ" ಎಂದು ಜೇಬಿಗೆ ಹಾಕಿಕೊಂಡರು.