ಹಾಲು ಬೇಡದವರಿಗೆ ಬೆಂಗಳೂರಿನಲ್ಲಿ ಖಾನಾವಳಿಯೇ ವಾಸಿ

ನನ್ನ ಮಗಳಿಗೆ ಹಾಲಿನ ಅಲರ್ಜಿ. ಇದು ಹಾಲಿನ ಸಕ್ಕರೆ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವ ಲ್ಯಾಕ್ಟೋಸ್ ತೊಂದರೆಯಲ್ಲ. ಇವಳಿಗೆ ಹಾಲಿನ ಪ್ರೋಟೀನೇ ಆಗದು. ಚೂರು ತುಪ್ಪ ಸೇರಿದರೂ ತುಟಿ ಊದಿಕೊಳ್ಳುತ್ತದೆ. ಹಾಗಾಗಿ ಹೋಟೆಲಿಗೆ ಹೋದಾಗ ಮೆನುವಿಗಿಂತ ಮೊದಲು ನನ್ನ ಕಣ್ಣು ಅಡುಗೆಮನೆಯತ್ತ ಹೋಗುತ್ತದೆ.

ದರ್ಶಿನಿಗಳಲ್ಲಿ ಅಡುಗೆ ಕಣ್ಣೆದುರಿಗೇ ನಡೆಯುವುದು ಒಂದು ಅನುಕೂಲ. ಇಡ್ಲಿಗೆ ಸಾಮಾನ್ಯವಾಗಿ ಭಯವಿಲ್ಲ. ರವೆ ಇಡ್ಲಿಯ ಹಿಟ್ಟು ಮಾತ್ರ ಮೊಸರಿನಲ್ಲೇ ಕಲಸಿದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಎಂಟಿಆರ್‌ನವರು ಅದನ್ನು ಮಾಡಿದ ಕಥೆಯನ್ನು ಮಗಳಿಗೆ ಹೇಳಿದ್ದೇನೆ, ತಿನ್ನಿಸಲು ಆಗಿಲ್ಲ. ದೋಸೆಗೆ ‘ತುಪ್ಪ ಬೇಡ’ ಎಂದರೆ ಸಾಲದು. ಕಾವಲಿಯ ಮೇಲೆ ಸಾಲಾಗಿ ದೋಸೆಗಳು. ಪಕ್ಕದ್ದಕ್ಕೆ ಹಾಕಿದ ಬೆಣ್ಣೆ ಕರಗಿ ನಮ್ಮದರ ಅಂಚಿಗೆ ಹರಿಯುತ್ತದೆ. ನೀರು ಚಿಮುಕಿಸಿ ಪೊರಕೆಯಿಂದ ಗುಡಿಸಿದರೆ ಅದೇ ಜಿಡ್ಡು ಕಾವಲಿಯ ತುಂಬ ಹರಡುತ್ತದೆ. ಬೆಣ್ಣೆ ಮಸಾಲೆಗೆ ಹೆಸರಾದ ಮಲ್ಲೇಶ್ವರದ ಸಿಟಿಆರ್‌ನಂಥ ಕಡೆ ನಾವು ಹೋಗುವುದೇ ಇಲ್ಲ.

ಒಂದು ಹೋಟೆಲಿನಲ್ಲಿ ‘ಹಾಲು ಹಾಕಿಲ್ಲ ಅಕ್ಕ’ ಎಂದು ಧೈರ್ಯ ಹೇಳಿ ತಂದಿಟ್ಟ ಬಿಸಿಬೇಳೆಬಾತಿನ ಮೇಲೆ ತುಪ್ಪ ಹೊಳೆಯುತ್ತಿತ್ತು. ಆ ಹುಡುಗ ಸುಳ್ಳು ಹೇಳಿರಲಿಲ್ಲ. ನಮ್ಮಲ್ಲಿ ತುಪ್ಪವನ್ನು ಯಾರೂ ಹಾಲಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಈಗ ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಪನೀರ್, ಖೋವಾ ಎಂದು ಒಂದೊಂದನ್ನೂ ಹೆಸರು ಹಿಡಿದು ಕೇಳುತ್ತೇನೆ. ಮಂಗಳೂರು ಕಡೆಯ ಹೋಟೆಲುಗಳಲ್ಲೂ ಇದೇ ಎಚ್ಚರ ಬೇಕು: ಅಕ್ಕಿ, ನೀರು, ಉಪ್ಪಿನ ನೀರುದೋಸೆ ಸರಿ, ಗೋಳಿಬಜೆ ಮತ್ತು ಬನ್ಸ್ ಹಿಟ್ಟಿಗೆ ಮೊಸರು ಬಿದ್ದಿರುತ್ತದೆ.

ಇಂದಿರಾನಗರದ ಕೆಫೆಗಳಲ್ಲಿ ಓಟ್ಸ್ ಹಾಲಿನ ಪಾನೀಯಗಳು ಸಿಗುತ್ತವೆ, ಬೆಲೆ ತುಸು ಹೆಚ್ಚು. ಆದರೆ ನೊರೆ ಬರಿಸುವ ಹಬೆಯ ಕೊಳವೆ ಎಲ್ಲ ಹಾಲಿಗೂ ಒಂದೇ ಆಗಿದ್ದರೆ ನಮಗೆ ಪ್ರಯೋಜನವಿಲ್ಲ. ಹತ್ತು ಅಥವಾ ಹೆಚ್ಚು ಕಡೆ ಶಾಖೆ ಇರುವ ಹೋಟೆಲುಗಳು ಅಲರ್ಜಿಯ ಮಾಹಿತಿ ಕೊಡಲೇಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಹಾಲು ಆ ಪಟ್ಟಿಯಲ್ಲಿದೆ. ಸಂಕೋಚವಿಲ್ಲದೆ ಕೇಳಿ.

ನಾವು ನೆಮ್ಮದಿಯಿಂದ ಉಣ್ಣುವುದು ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ. ಗಾಂಧಿನಗರದ ಕಡೆ ನಾವು ಹೋಗುವ ಒಂದು ಚಿಕ್ಕ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಅಕ್ಕ ಊಟದ ಮೇಜಿನಿಂದ ಮಾತಾಡಿಸುವಷ್ಟು ಹತ್ತಿರ ಕೂತಿರುತ್ತಾರೆ. ಜೋಳದ ಹಿಟ್ಟು, ಬಿಸಿ ನೀರು, ಅಷ್ಟೇ. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ, ಉಬ್ಬಿದ ಮೇಲೆ ನೇರ ನಮ್ಮ ತಟ್ಟೆಗೆ. ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಹಸಿ ಮೆಂತ್ಯ ಸೊಪ್ಪು, ಈರುಳ್ಳಿ. ಗಟ್ಟಿ ಮೊಸರು, ಬೆಣ್ಣೆ ಇಲ್ಲಿಯೂ ಉಂಟು. ಆದರೆ ಅವು ಬೇರೆ ಬಟ್ಟಲಲ್ಲಿ ಕೊನೆಗೆ ಬರುತ್ತವೆ, ಪಲ್ಯದೊಳಗೆ ಅಡಗಿರುವುದಿಲ್ಲ. ಎಣ್ಣೆಗಾಯಿಯ ಹೆಸರೇ ಹೇಳುವಂತೆ ಒಗ್ಗರಣೆಗೆ ಎಣ್ಣೆ. ಅಲ್ಲಿ ಕೂತ ಮೇಲೆ ಮಗಳು ‘ಅಮ್ಮ, ಇದು ತಿನ್ನಬಹುದಾ?’ ಎಂದು ಕೇಳುವುದಿಲ್ಲ. ನನಗೆ ಅದಕ್ಕಿಂತ ದೊಡ್ಡ ರುಚಿ ಇಲ್ಲ.

ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ. ಆಮೇಲೆ ಜನ ಹೆಚ್ಚಿ ಬಡಿಸುವವರಿಗೆ ನಿಮ್ಮ ಮಾತು ಕೇಳುವ ವ್ಯವಧಾನ ಇರುವುದಿಲ್ಲ. ಶೇಂಗಾ ಹೋಳಿಗೆಗೆ ತುಪ್ಪ ಬೇಡವೆಂದು ಬೇಯಿಸುವ ಮೊದಲೇ ಹೇಳಿಬಿಡಿ.